ಕಣಜ, ಖಜಾನೆ ಮತ್ತು ಕಾಳಗ: ಒಂದು ಜಪಾನೀ ಗಣಕಯಂತ್ರ ಆಟದಲ್ಲಿ ದುಡಿಯುವ ಬಂಡವಾಳದ ಪಾಠ

ಗಣಕಯಂತ್ರದ ಆಟವೆಂದರೆ ಮಕ್ಕಳ ಓದು ಕೆಡಿಸುವ ಕಾಲಹರಣ ಎಂಬ ಅಭಿಪ್ರಾಯ ವರ್ತಕರ ಮನೆಗಳಲ್ಲಿ ಸಾಮಾನ್ಯ. ಬಹುಪಾಲು ಆಟಗಳ ಮಟ್ಟಿಗೆ ಆ ಅಭಿಪ್ರಾಯ ತಪ್ಪೂ ಅಲ್ಲ. ಆದರೆ 1983ರ ಮಾರ್ಚ್ ತಿಂಗಳಲ್ಲಿ ಜಪಾನಿನಲ್ಲಿ ಹೊರಬಂದ ‘ನೊಬುನಾಗನ ಮಹತ್ವಾಕಾಂಕ್ಷೆ’ ಎಂಬ ಆಟವನ್ನು ಆ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ. ಹೆಸರಿಗೆ ಅದು ಹದಿನಾರನೆಯ ಶತಮಾನದ ಜಪಾನಿನ ಯುದ್ಧಗಳನ್ನು ಕುರಿತ ಆಟ. ಆಡಲು ಕುಳಿತವನ ಮುಂದೆ ಮೊದಲು ತೆರೆದುಕೊಳ್ಳುವುದು ಮಾತ್ರ ರಣರಂಗವಲ್ಲ. ಒಂದು ಲೆಕ್ಕದ ಹಾಳೆ. ಖಜಾನೆಯಲ್ಲಿ ಎಷ್ಟು ಚಿನ್ನವಿದೆ, ವರ್ತಕನಿಗೆ ಎಷ್ಟು ಸಾಲ ಕೊಡಬೇಕಿದೆ, ಕಣಜದಲ್ಲಿ ಎಷ್ಟು ಅಕ್ಕಿಯಿದೆ, ಭೂಮಿಯ ಇಳುವರಿ ಎಷ್ಟು, ಪೇಟೆಯ ಬೆಲೆ ಎಷ್ಟು, ನದಿಯ ಒಡ್ಡು ಎಷ್ಟು ಗಟ್ಟಿ, ರೈತರ ನಿಷ್ಠೆ ಎಷ್ಟು, ಸೈನಿಕರು ಎಷ್ಟು ಮಂದಿ ಎಂಬ ಅಂಕಿಗಳು ಸಾಲಾಗಿ ನಿಂತಿರುತ್ತವೆ.

ಅಂಕಿಗಳು ಹೀಗೆ ಮುಂದೆ ಬಂದು ನಿಂತುದಕ್ಕೆ ಕಾರಣವನ್ನು ಆ ಆಟವನ್ನು ರಚಿಸಿದವರ ಕಸುಬಿನಲ್ಲಿ ಹುಡುಕಬಹುದು. ಯೊಯಿಚಿ ಎರಿಕಾವಾ ಹುಟ್ಟಿನಿಂದ ತಂತ್ರಜ್ಞರಲ್ಲ. ಬಟ್ಟೆಗೆ ಹಾಕುವ ಬಣ್ಣಗಳನ್ನು ಸಗಟಾಗಿ ಮಾರುವ ಮನೆತನದವರು. ಟೋಕಿಯೊ ನಗರದ ಉತ್ತರಕ್ಕಿರುವ ತೊಚಿಗಿ ಪ್ರಾಂತದ ಅಶಿಕಾಗಾ ಹಿಂದಿನಿಂದಲೂ ನೇಯ್ಗೆಗೆ ಹೆಸರಾದ ಊರು. ಜವಳಿ ಉದ್ಯಮ ಇಳಿಮುಖವಾದಂತೆ ಅದನ್ನು ನಂಬಿದ ಬಣ್ಣದ ವ್ಯಾಪಾರವೂ ಇಳಿಯಿತು. ಮನೆತನದ ವ್ಯವಹಾರ ನಿಂತುಹೋದ ಮೇಲೆ ಎರಿಕಾವಾ 1978ರಲ್ಲಿ ಅದೇ ಊರಿನಲ್ಲಿ ಕೋಯೆ ಎಂಬ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿ ಬಣ್ಣದ ವ್ಯಾಪಾರವನ್ನೇ ಮತ್ತೆ ಹಿಡಿದರು. ಕೋಯೆ ಎಂದರೆ ಗೌರವ, ಕೀರ್ತಿ ಎಂದರ್ಥ. ಹೆಸರು ಕೀರ್ತಿಯದಾದರೂ ಮಾರುಕಟ್ಟೆ ಬದಲಾಗಲಿಲ್ಲ. 1980ರಲ್ಲಿ ಅವರ ಮೂವತ್ತನೆಯ ಹುಟ್ಟುಹಬ್ಬಕ್ಕೆ ಪತ್ನಿ ಕೇಕೊ ಅವರು ಶಾರ್ಪ್ ಕಂಪನಿಯ ಒಂದು ಗಣಕಯಂತ್ರವನ್ನು ಉಡುಗೊರೆಯಾಗಿ ಕೊಟ್ಟರು. ಎರಿಕಾವಾ ಮೊದಲು ಅದರಲ್ಲಿ ಬರೆದದ್ದು ವ್ಯವಹಾರದ ಲೆಕ್ಕಕ್ಕೆ ಬೇಕಾದ ತಂತ್ರಾಂಶಗಳನ್ನು. ಬಿಡುವಿನ ವೇಳೆಯಲ್ಲಿ ಬರೆದದ್ದು ಆಟವನ್ನು. 1981ರಲ್ಲಿ ‘ಕವಾನಾಕಾಜಿಮಾ ಕಾಳಗ’ ಎಂಬ ಮೊದಲ ಯುದ್ಧದ ಆಟ ಪತ್ರಿಕೆಯ ಜಾಹೀರಾತಿನ ಮೂಲಕ, ಅಂಚೆಯಲ್ಲಿ ಮಾರಾಟವಾಯಿತು. ಬಣ್ಣದ ವ್ಯಾಪಾರ ಅಲ್ಲಿಂದ ಹಿಂದೆ ಸರಿಯಿತು.

ಇಳಿಯುತ್ತಿರುವ ಪಿತ್ರಾರ್ಜಿತ ವ್ಯಾಪಾರವನ್ನು ಎಲ್ಲಿಯವರೆಗೆ ಹಿಡಿದಿಟ್ಟುಕೊಳ್ಳಬೇಕು ಎಂಬುದು ಯಾವ ಪೇಟೆಯಲ್ಲಿಯೂ ಸುಲಭದ ಪ್ರಶ್ನೆಯಲ್ಲ. ಹಳೆಯ ಗಿರಾಕಿಗಳಿಗೆ ಸರಕು ಕೊಡುತ್ತಲೇ, ಹೊಸ ಕೆಲಸವನ್ನು ಒಂದು ಯಂತ್ರದಿಂದ, ಮನೆಯವರ ದುಡಿಮೆಯಿಂದ, ಮುಂಗಡ ಹಣ ಬರುವ ಅಂಚೆ ಮಾರಾಟದಿಂದ ಆರಂಭಿಸಿದ ಕ್ರಮ ಇಲ್ಲಿ ಗಮನಾರ್ಹ. ಗಿರಾಕಿ ಮೊದಲು ಹಣ ಕಳುಹಿಸಿ ನಂತರ ಸರಕು ಪಡೆಯುವ ವ್ಯಾಪಾರದಲ್ಲಿ ಬಾಕಿ ವಸೂಲಿಯ ಸಮಸ್ಯೆಯೇ ಹುಟ್ಟುವುದಿಲ್ಲ. ಸಗಟು ವ್ಯಾಪಾರದ ಉದ್ದರಿಯನ್ನು ಕಂಡವರಿಗೆ ಅದರ ಬೆಲೆ ತಿಳಿದಿರುತ್ತದೆ.

ಎರಿಕಾವಾ ತಮ್ಮ ಆಟಗಳಿಗೆ ಸ್ವಂತ ಹೆಸರನ್ನು ಹಾಕಲಿಲ್ಲ. ‘ಕೋ ಶಿಬುಸಾವಾ’ ಎಂಬ ಅಂಕಿತವನ್ನು ಬಳಸಿದರು. ‘ಕೋ’ ಸಂಸ್ಥೆಯ ಹೆಸರಿನಿಂದ, ‘ಶಿಬುಸಾವಾ’ ಜಪಾನಿನ ಆಧುನಿಕ ವಾಣಿಜ್ಯದ ಹಿರಿಯ ಎಯಿಚಿ ಶಿಬುಸಾವಾ (1840–1931) ಅವರಿಂದ. ಆ ಹಿರಿಯರೂ ಬಣ್ಣದ ಮನೆತನದವರೇ. ಅವರ ತಂದೆ ನೀಲಿ ಗಿಡದ ಎಲೆ ಕೊಂಡು ನೀಲಿ ಉಂಡೆ ತಯಾರಿಸಿ ಮಾರುತ್ತಿದ್ದರು. ತಮಗೆ ಎಲೆ ಒದಗಿಸುವ ರೈತರನ್ನು ಗುಣಮಟ್ಟದ ಪ್ರಕಾರ ಶ್ರೇಣೀಕರಿಸಿ, ಸುಮೋ ಮಲ್ಲರ ಪಟ್ಟಿಯ ಮಾದರಿಯಲ್ಲಿ 1862ರಲ್ಲಿ ಒಂದು ಪಟ್ಟಿಯನ್ನೇ ಅವರು ಹೊರಡಿಸಿದ್ದರು. ಸರಬರಾಜುದಾರರ ಮೌಲ್ಯಮಾಪನ ಎಂದು ಇಂದು ಗುಣಮಟ್ಟ ಪ್ರಮಾಣಪತ್ರದ ತಪಾಸಣೆಯಲ್ಲಿ ಕೇಳುವ ಕಾಗದದ ಹಳೆಯ ರೂಪವೆಂದು ಅದನ್ನು ಕರೆಯಬಹುದು. 1873ರಲ್ಲಿ ಜಪಾನಿನ ಪ್ರಥಮ ರಾಷ್ಟ್ರೀಯ ಬ್ಯಾಂಕಿನ ಸ್ಥಾಪನೆಗೆ ಕಾರಣರಾದ ಶಿಬುಸಾವಾ, 1878ರಲ್ಲಿ ಆರಂಭವಾದ ಟೋಕಿಯೊ ವಾಣಿಜ್ಯ ಸಂಸ್ಥೆಯ ಮೊದಲ ಅಧ್ಯಕ್ಷರೂ ಆದರು. 1893ರಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿಗೆ ಹೋದಾಗ, ಭಾರತದ ಹತ್ತಿಯನ್ನು ಸಾಗಿಸಲು ಮುಂಬಯಿಗೆ ಜಪಾನೀ ಹಡಗು ಮಾರ್ಗವನ್ನು ತೆರೆಯುವ ಮಾತುಕತೆಯಲ್ಲಿಯೂ ಅವರಿದ್ದರು. ವಾಣಿಜ್ಯ ಸಂಸ್ಥೆಯ ಸ್ಥಾಪಕರೊಬ್ಬರ ಹೆಸರು ಯುದ್ಧದ ಆಟದ ಮುಖಪುಟಕ್ಕೆ ಬಂದದ್ದು ವಿಚಿತ್ರವಾಗಿ ಕಂಡೀತು. ಆಟದ ಒಳಗನ್ನು ನೋಡಿದರೆ ವಿಚಿತ್ರವೆನಿಸುವುದಿಲ್ಲ.

ಆಟದ ಕ್ರಮ

ಚದುರಂಗದಂತೆ ಇದೂ ಸರದಿಯ ಆಟ. ಕೈ ಚುರುಕಿಗೆ ಇಲ್ಲಿ ಬೆಲೆಯಿಲ್ಲ. ಯೋಚಿಸಲು ಬೇಕಾದಷ್ಟು ಸಮಯವಿದೆ. 1983ರ ಮೂಲ ಆಟದಲ್ಲಿ ಮಧ್ಯ ಜಪಾನಿನ 17 ಸಂಸ್ಥಾನಗಳಿದ್ದವು. 1986ರ ವಿಸ್ತೃತ ಆವೃತ್ತಿಯಲ್ಲಿ ಅದು ಇಡೀ ದೇಶಕ್ಕೆ ಹಬ್ಬಿ 50 ಸಂಸ್ಥಾನಗಳಾದವು. ಒಂದು ಸರದಿಯೆಂದರೆ ಒಂದು ಋತು, ನಾಲ್ಕು ಸರದಿಗೆ ಒಂದು ವರ್ಷ. ಒಂದು ಋತುವಿನಲ್ಲಿ ಒಂದು ಸಂಸ್ಥಾನಕ್ಕೆ ಒಂದೇ ಆಜ್ಞೆಯನ್ನು ಕೊಡಬಹುದು. ಒಡ್ಡು ಕಟ್ಟಿಸಿದರೆ ಆ ಋತುವಿನಲ್ಲಿ ಸೈನ್ಯಕ್ಕೆ ತರಬೇತಿಯಿಲ್ಲ. ಸೈನಿಕರನ್ನು ನೇಮಿಸಿಕೊಂಡರೆ ಹೊಲದ ಅಭಿವೃದ್ಧಿಯಿಲ್ಲ. ಒಂದು ಕೆಲಸದ ನಿಜವಾದ ವೆಚ್ಚವೆಂದರೆ ಅದಕ್ಕಾಗಿ ಕೈಬಿಟ್ಟ ಇನ್ನೊಂದು ಕೆಲಸ ಎಂದು ವಾಣಿಜ್ಯ ಪದವಿಯ ಪಠ್ಯದಲ್ಲಿ ಓದಿ ಪರೀಕ್ಷೆಯ ಮರುದಿನ ಮರೆಯುವ ಮಾತನ್ನು ಈ ಆಟದಲ್ಲಿ ಮರೆಯಲು ಸಾಧ್ಯವಿಲ್ಲ.

ತೆರಿಗೆಯ ಚಿನ್ನ, ಸುಗ್ಗಿಯ ಅಕ್ಕಿ ಎರಡೂ ಕೈಸೇರುವುದು ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ. ಖರ್ಚಾದರೋ ನಾಲ್ಕೂ ಋತುಗಳಲ್ಲಿ. ನಡುವಿನ ಅಂತರವನ್ನು ತುಂಬಲು ಆಟದಲ್ಲೊಬ್ಬ ವರ್ತಕನಿದ್ದಾನೆ. ಅವನು ಅಕ್ಕಿ ಕೊಳ್ಳುತ್ತಾನೆ, ಮಾರುತ್ತಾನೆ, ಆಯುಧ ಒದಗಿಸುತ್ತಾನೆ, ಬಡ್ಡಿಗೆ ಸಾಲ ಕೊಡುತ್ತಾನೆ. ದರಗಳು ಬದಲಾಗುತ್ತಿರುತ್ತವೆ. ಹಣದ ಕೊರತೆಯೆಂದು ತೆರಿಗೆಯ ದರ ಏರಿಸಿದರೆ ರೈತರ ನಿಷ್ಠೆ ಕುಸಿದು ದಂಗೆಯೇಳುತ್ತಾರೆ. ಒಡ್ಡನ್ನು ನಿರ್ಲಕ್ಷಿಸಿದರೆ ಚಂಡಮಾರುತದ ವರ್ಷ ಬೆಳೆ ಕೊಚ್ಚಿಹೋಗುತ್ತದೆ. ದಂಡೆತ್ತಿ ಹೋಗುವ ಸೈನ್ಯ ತನ್ನ ಅಕ್ಕಿಯನ್ನು ತಾನೇ ಹೊತ್ತೊಯ್ಯಬೇಕು. ಕಾಳಗ ಮುಗಿಯುವ ಮೊದಲು ಅಕ್ಕಿ ಮುಗಿದರೆ, ಸೈನಿಕರ ಸಂಖ್ಯೆ ಎಷ್ಟೇ ಇರಲಿ, ಸೋಲು ನಿಶ್ಚಿತ.

ಎರಡರಷ್ಟು ನಾಡು, ಕಡಿಮೆ ನಗದು

ಹೊಸದಾಗಿ ಆಡುವವರು ಸೋಲುವ ಬಗೆ ಹೆಚ್ಚುಕಡಿಮೆ ಒಂದೇ. ಅದು ಶತ್ರುವಿನ ಕೈಯಲ್ಲಿ ಆಗುವ ಸೋಲಲ್ಲ, ಗೆಲುವಿನಿಂದ ಬರುವ ಸೋಲು. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಅಂಕಿಗಳು ವಿವರಣೆಗಾಗಿ ಮಾತ್ರ, ಆಟದೊಳಗಿನವಲ್ಲ.

ಒಬ್ಬ ಪಾಳೆಯಗಾರನ ಖಜಾನೆಗೆ ಶರತ್ಕಾಲದಲ್ಲಿ 200 ಚಿನ್ನ ಬಂತೆನ್ನಿ. ಚಳಿಗಾಲದಲ್ಲಿ ಅವನು ಸೈನಿಕರಿಗೂ ಆಯುಧಗಳಿಗೂ 120 ಖರ್ಚು ಮಾಡಿದ, ಉಳಿದದ್ದು 80. ವಸಂತದಲ್ಲಿ ನೆರೆಯ ಸಂಸ್ಥಾನದ ಮೇಲೆ ಏರಿಹೋಗುವಾಗ 50 ತೆಗೆದುಕೊಂಡು ಹೋಗಿ ಖರ್ಚುಮಾಡಿ ಗೆದ್ದ. ಮನೆಯಲ್ಲಿ ಉಳಿದದ್ದು 30. ಗೆದ್ದ ಸಂಸ್ಥಾನದ ಖಜಾನೆ ಬರಿದು, ಒಡ್ಡು ಶಿಥಿಲ, ರೈತರು ಮುನಿದಿದ್ದಾರೆ. ಬೇಸಿಗೆಯಲ್ಲಿ ಅದನ್ನು ಸರಿಪಡಿಸಲು 100 ಬೇಕು. ಕೈಯಲ್ಲಿರುವುದು 30, ಉಳಿದ 70ನ್ನು ವರ್ತಕನಿಂದ ಸಾಲ ತಂದ. ಶರತ್ಕಾಲ ಬಂತು. ಹಳೆಯ ಸಂಸ್ಥಾನದಿಂದ 200, ಹೊಸದರಿಂದ 60, ಒಟ್ಟು 260. ಅದರಲ್ಲಿ ಸಾಲದ ಅಸಲು 70, ಬಡ್ಡಿ ಶೇಕಡಾ 30ರಂತೆ 21, ಒಟ್ಟು 91 ತೀರಿಸಿದರೆ ಉಳಿಯುವುದು 169. ಕಳೆದ ವರ್ಷ ಇದೇ ದಿನ ಒಂದು ಸಂಸ್ಥಾನವಿತ್ತು, ಕೈಯಲ್ಲಿ 200 ಇತ್ತು. ಈ ವರ್ಷ ಎರಡು ಸಂಸ್ಥಾನಗಳಿವೆ, ಕೈಯಲ್ಲಿ 169 ಇದೆ, ಕಾಯಬೇಕಾದ ಗಡಿಯೂ ಬೆಳೆದಿದೆ. ಅದೇ ವರ್ಷ ಚಂಡಮಾರುತ ಬೀಸಿ ಹಳೆಯ ಸಂಸ್ಥಾನದ ವರಮಾನ 120ಕ್ಕೆ ಇಳಿದಿದ್ದರೆ ಸಾಲ ತೀರಿಸಿದ ಮೇಲೆ ಉಳಿಯುತ್ತಿದ್ದುದು 89. ಮುಂದಿನ ಚಳಿಗಾಲದ ಸೈನ್ಯದ ಖರ್ಚಿಗೇ ಅದು ಸಾಲದು. ಭೂಪಟದಲ್ಲಿ ಮಾತ್ರ ಅವನ ಬಣ್ಣ ಎರಡರಷ್ಟು ಹರಡಿರುತ್ತದೆ, ನೋಡಿದವರು ಹೊಗಳುತ್ತಿರುತ್ತಾರೆ.

ಸಣ್ಣ ಕೈಗಾರಿಕೆಯ ಲೆಕ್ಕಪತ್ರಗಳನ್ನು ಪರಿಶೀಲಿಸುವವರಿಗೆ ಈ ಚಿತ್ರ ಅಪರಿಚಿತವಲ್ಲ. ಮಾರಾಟ ಏರಿದೆ, ಲಾಭ-ನಷ್ಟದ ತಃಖ್ತೆಯಲ್ಲಿ ಲಾಭವಿದೆ, ಆದರೆ ಕೂಲಿ ಕೊಡುವ ದಿನ ಬ್ಯಾಂಕಿನ ಖಾತೆಯಲ್ಲಿ ಹಣವಿಲ್ಲ. ಕಚ್ಚಾ ಸರಕು 30 ದಿನ ಗೋದಾಮಿನಲ್ಲಿ, 15 ದಿನ ತಯಾರಿಕೆಯಲ್ಲಿ, ಮಾರಿದ ಮೇಲೆ 90 ದಿನ ಗಿರಾಕಿಯ ಬಾಕಿಯಲ್ಲಿ ಇರುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಒಟ್ಟು 135 ದಿನ. ಕಚ್ಚಾ ಸರಕಿನವರು 30 ದಿನ ಉದ್ದರಿ ಕೊಟ್ಟರೆ ಉಳಿದ 105 ದಿನಗಳ ಖರ್ಚನ್ನು ಮಾಲೀಕನೇ ಹೊರಬೇಕು. ತಿಂಗಳ ಖರ್ಚು 4 ಲಕ್ಷ ರೂಪಾಯಿ ಇದ್ದರೆ ಸ್ಥೂಲವಾಗಿ ಸಿಕ್ಕಿಬೀಳುವ ಹಣ 14 ಲಕ್ಷ. ದೊಡ್ಡ ಆದೇಶವೊಂದು ಬಂದು ವಹಿವಾಟು ಎರಡರಷ್ಟಾದರೆ 28 ಲಕ್ಷ. ಹೆಚ್ಚುವರಿ 14 ಲಕ್ಷ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಆದೇಶಕ್ಕೆ ಸಹಿ ಹಾಕುವ ಮುನ್ನ ಕೇಳುವವರು ವಿರಳ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ರಲ್ಲಿ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದೆ ಹಣ ಕೊಡಬೇಕೆಂದಿದೆ. ಆ ನಿಯಮವನ್ನು ತನ್ನ ದೊಡ್ಡ ಗಿರಾಕಿಗೆ ನೆನಪಿಸುವ ಧೈರ್ಯ ಎಷ್ಟು ಸಣ್ಣ ತಯಾರಕರಿಗಿದೆ ಎಂಬುದು ಬೇರೆ ಮಾತು. ಆಟದಲ್ಲಾದರೋ ಸೋತವನು ಯಂತ್ರವನ್ನು ಆರಿಸಿ ಮತ್ತೆ 1560ರಿಂದ ಆರಂಭಿಸುತ್ತಾನೆ. ಘಟಕದ ಮಾಲೀಕ ಬ್ಯಾಂಕಿಗೆ ಅಡವಿಟ್ಟಿರುವುದು ಬಹುಪಾಲು ವಾಸದ ಮನೆಯನ್ನು.

ಚರಿತ್ರೆಯ ಆಧಾರ

ಆಟದ ಈ ನಿಯಮಗಳು ಕೇವಲ ಕಲ್ಪನೆಯಲ್ಲ. ಒಡ್ಡು ಕಟ್ಟಿಸುವ ಆಜ್ಞೆಯನ್ನೇ ತೆಗೆದುಕೊಳ್ಳಬಹುದು. ಕಾಯ್ ಪ್ರಾಂತದ ಅರಸು ಶಿಂಗೆನ್ ಟಕೆಡಾ ಎಂದರೆ ಜಪಾನೀಯರಿಗೆ ಮೊದಲು ನೆನಪಾಗುವುದು ಅವನ ಅಶ್ವದಳ ಮತ್ತು 1553ರಿಂದ 1564ರವರೆಗೆ ಕೆನ್‌ಶಿನ್ ಉಯೆಸುಗಿಯೊಡನೆ ಕವಾನಾಕಾಜಿಮಾ ಬಯಲಿನಲ್ಲಿ ನಡೆದ ಐದು ಕಾಳಗಗಳು. ಆದರೆ ಅವನ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ಕೊಫು ಕಣಿವೆಯಲ್ಲಿ ಕಾಮಾನಾಶಿ ನದಿಯ ಪ್ರವಾಹ ತಡೆಯಲು ಕಟ್ಟಿದ ‘ಶಿಂಗೆನ್ ಒಡ್ಡು’. ಅದು ಮುಗಿಯಲು ವರ್ಷಗಟ್ಟಲೆ ಹಿಡಿಯಿತು. ಪ್ರವಾಹಕ್ಕೆ ಸಿಗುತ್ತಿದ್ದ ನೆಲ ಸಾಗುವಳಿಗೆ ಬಂದದ್ದರಿಂದಲೇ ಕುದುರೆಗಳಿಗೆ ಮೇವು, ಸೈನಿಕರಿಗೆ ಅಕ್ಕಿ.

ಆಟದ ನಾಯಕನಾದ ನೊಬುನಾಗ ಒಡಾ (1534–1582) ವಾಣಿಜ್ಯದ ವಿಷಯದಲ್ಲಿ ಇನ್ನೂ ಕುತೂಹಲಕಾರಿ ವ್ಯಕ್ತಿ. ಅವನ ಧ್ವಜಗಳಲ್ಲೊಂದರ ಮೇಲಿದ್ದುದು ಸಿಂಹವೂ ಅಲ್ಲ, ಖಡ್ಗವೂ ಅಲ್ಲ. ಆ ಕಾಲದಲ್ಲಿ ಚಲಾವಣೆಯಲ್ಲಿದ್ದ ಚೀನಾದ ಎಯ್‌ರಾಕು ನಾಣ್ಯ. 1568ರಲ್ಲಿ ರಾಜಧಾನಿ ಕ್ಯೋಟೊ ಪ್ರವೇಶಿಸಿದ ಮೇಲೆ ಅವನು ತನ್ನ ಆಳ್ವಿಕೆಯ ಪ್ರದೇಶದಲ್ಲಿ ದಾರಿಯುದ್ದಕ್ಕೂ ಇದ್ದ ಸುಂಕದ ಕಟ್ಟೆಗಳನ್ನು ರದ್ದುಪಡಿಸಿದ. ಬಂದೂಕು ತಯಾರಿಕೆಗೂ ಸಮುದ್ರ ವ್ಯಾಪಾರಕ್ಕೂ ಹೆಸರಾದ ಸಾಕಾಯ್ ಬಂದರನ್ನು ತನ್ನ ಹಿಡಿತಕ್ಕೆ ತಂದುಕೊಂಡ. 1575ರ ನಾಗಾಶಿನೊ ಕಾಳಗದಲ್ಲಿ ಟಕೆಡಾ ಸೈನ್ಯವನ್ನು ಮುರಿದ ಬಂದೂಕುಗಳ ಹಿಂದೆ, ಅವುಗಳನ್ನೂ ಮದ್ದನ್ನೂ ಕೊಳ್ಳುವ ಹಣದ ಹರಿವಿತ್ತು ಎಂಬುದನ್ನು ಯುದ್ಧದ ಕಥೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

1577ರಲ್ಲಿ ಅಜುಚಿ ಕೋಟೆಯ ಪೇಟೆಗೆ ಅವನು ಹೊರಡಿಸಿದ 13 ಕಲಮುಗಳ ಶಾಸನವನ್ನು ವರ್ತಕರು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ಕಲಮಿನಲ್ಲಿಯೇ ಈ ಪೇಟೆ ಮುಕ್ತ ಮಾರುಕಟ್ಟೆಯೆಂದೂ, ಏಕಸ್ವಾಮ್ಯ ಹೊಂದಿದ್ದ ವರ್ತಕ ಕೂಟಗಳ ಹಕ್ಕುಬಾಧ್ಯತೆಗಳು ಇಲ್ಲಿಲ್ಲವೆಂದೂ ಸಾರಿದೆ. ಹೆದ್ದಾರಿಯಲ್ಲಿ ಬರುವ ವರ್ತಕರು ಬೇರೆಡೆ ಹೋಗದೆ ಅಜುಚಿಯಲ್ಲಿಯೇ ತಂಗಬೇಕೆಂಬ ಕಟ್ಟಳೆಯೂ ಇದೆ. ಅಂದರೆ ಅವನ ಉದಾರತೆ ಪೂರ್ತಿ ನಿಸ್ವಾರ್ಥವಾಗಿರಲಿಲ್ಲ. ಇನ್ನೊಂದು ಕಲಮು, ಲೆಕ್ಕ ಬಲ್ಲವರಿಗೆ ಎಲ್ಲಕ್ಕಿಂತ ಮುಖ್ಯವೆನಿಸುವಂಥದು: ನಾಡಿನಲ್ಲೆಲ್ಲ ಸಾಲಮನ್ನಾ ಘೋಷಣೆಯಾದರೂ ಈ ಪೇಟೆಗೆ ಅದು ಅನ್ವಯಿಸುವುದಿಲ್ಲ. ಮಧ್ಯಯುಗದ ಜಪಾನಿನಲ್ಲಿ ಸಾಲಮನ್ನಾ ಆಜ್ಞೆಗಳು ಮತ್ತೆಮತ್ತೆ ಹೊರಡುತ್ತಿದ್ದವು. ಕೊಟ್ಟ ಸಾಲ ಒಂದು ದಿನ ಬೆಳಗಾಗುವಷ್ಟರಲ್ಲಿ ಇಲ್ಲವಾಗಬಹುದು ಎಂಬ ಊರಿನಲ್ಲಿ ಉದ್ದರಿ ಕೊಡುವವರು ಯಾರು? ಕೊಟ್ಟರೂ ಆ ಭಯದ ಬೆಲೆ ಬಡ್ಡಿಯಲ್ಲಿ ಸೇರಿರುತ್ತದೆ. ಒಂದು ವಾಕ್ಯದಿಂದ ನೊಬುನಾಗ ತನ್ನ ಪೇಟೆಗೆ ಬಂಡವಾಳವನ್ನು ಕರೆತಂದ.

ಕೋಯೆ ಸಂಸ್ಥೆ 1985ರ ಡಿಸೆಂಬರಿನಲ್ಲಿ ಹೊರತಂದ ‘ಮೂರು ರಾಜ್ಯಗಳ ಕಥೆ’ ಎಂಬ ಇನ್ನೊಂದು ಆಟ ಚೀನಾದ ಎರಡನೆಯ ಮತ್ತು ಮೂರನೆಯ ಶತಮಾನಗಳದು. ಹದಿನಾಲ್ಕನೆಯ ಶತಮಾನದ ಲುವೊ ಗುವಾನ್‌ಜೊಂಗ್ ರಚಿಸಿದನೆನ್ನಲಾದ ಪ್ರಸಿದ್ಧ ಕಾದಂಬರಿ ಅದಕ್ಕೆ ಆಧಾರ. ಇಲ್ಲಿ ಚಿನ್ನ, ಧಾನ್ಯಗಳ ಜೊತೆಗೆ ಇನ್ನೊಂದು ಲೆಕ್ಕ ಸೇರುತ್ತದೆ: ದಳಪತಿಗಳು, ಮಂತ್ರಿಗಳು. ಪ್ರತಿಯೊಬ್ಬರಿಗೂ ಸಾಮರ್ಥ್ಯದ ಅಂಕಿಯಿದೆ, ನಿಷ್ಠೆಯ ಅಂಕಿಯಿದೆ. ನಿಷ್ಠೆ ಕುಸಿದವರನ್ನು ಎದುರಾಳಿ ಸೆಳೆದುಕೊಳ್ಳುತ್ತಾನೆ. ನುರಿತ ಯಂತ್ರಚಾಲಕ ಪಕ್ಕದ ಘಟಕಕ್ಕೆ ಹೋದ ಮೇಲೆ ಸಂಬಳ ಏರಿಸಲು ಹೊರಡುವ ಮಾಲೀಕರು ಈ ಭಾಗವನ್ನು ಹತ್ತು ಸರದಿ ಆಡಿದರೂ ಸಾಕು.

ಆ ಕಾಲದ ಚರಿತ್ರೆಯಲ್ಲಿಯೂ ಸೋಲುಗೆಲುವುಗಳು ಹಲವು ಬಾರಿ ಕಣಜದಲ್ಲಿಯೇ ತೀರ್ಮಾನವಾದವು. ಉತ್ತರದ ದೊರೆ ಚಾವೊ ಚಾವೊ ಕ್ರಿ.ಶ. 196ರಲ್ಲಿ ಪಾಳುಬಿದ್ದ ಭೂಮಿಯನ್ನು ಸರ್ಕಾರಿ ಬೇಸಾಯಕ್ಕೆ ತಂದು ಧಾನ್ಯದ ನೆಲೆ ಭದ್ರಪಡಿಸಿಕೊಂಡ. ನೈಋತ್ಯದ ಶು ರಾಜ್ಯದ ಮಂತ್ರಿ ಜೂಗೆ ಲಿಯಾಂಗ್ ಬುದ್ಧಿವಂತಿಕೆಗೆ ಚೀನಾದಲ್ಲಿ ಇಂದಿಗೂ ಗಾದೆಯಾದವನು. ಅವನು ಕ್ರಿ.ಶ. 228ರಿಂದ ಮತ್ತೆಮತ್ತೆ ಉತ್ತರಕ್ಕೆ ದಂಡೆತ್ತಿದ. 228ರ ಕೊನೆಯಲ್ಲಿ ಚೆನ್‌ಚಾಂಗ್ ಕೋಟೆಯನ್ನು ಇಪ್ಪತ್ತಕ್ಕೂ ಹೆಚ್ಚು ದಿನ ಮುತ್ತಿ, ಧಾನ್ಯ ಮುಗಿದು ಹಿಂದಿರುಗಿದ. 231ರಲ್ಲಿ ಶತ್ರುವಿನ ಮೇಲೆ ಗೆಲುವು ಸಾಧಿಸಿದ ಮೇಲೂ ಪರ್ವತಗಳನ್ನು ದಾಟಿ ಬರಬೇಕಾದ ಧಾನ್ಯ ಬಾರದೆ ಮತ್ತೆ ಹಿಂದಿರುಗಿದ. ಸರಬರಾಜಿನ ಹೊಣೆ ಹೊತ್ತಿದ್ದ ಲಿ ಯಾನ್ ತನ್ನ ಲೋಪ ಮುಚ್ಚಲು ಸುಳ್ಳು ಹೇಳಿ ಪದವಿ ಕಳೆದುಕೊಂಡ. ಪಾಠ ಕಲಿತ ಜೂಗೆ ಲಿಯಾಂಗ್ 234ರಲ್ಲಿ ತನ್ನ ಸೈನಿಕರನ್ನು ಉತ್ತರದ ರೈತರ ನಡುವೆ ಬೇಸಾಯಕ್ಕೆ ಹಚ್ಚಿದ. ಫಲ ಪೂರ್ತಿ ಕೈಗೆ ಬರುವ ಮೊದಲೇ ಅದೇ ವರ್ಷ ವುಜಾಂಗ್ ಬಯಲಿನ ಶಿಬಿರದಲ್ಲಿ ತೀರಿಕೊಂಡ. ಎದುರಾಳಿ ಸೇನಾಪತಿ ಸಿಮಾ ಯಿ ಹೆಚ್ಚಿನದೇನನ್ನೂ ಮಾಡಿರಲಿಲ್ಲ. ಕಾದಾಟಕ್ಕೆ ಇಳಿಯದೆ ಕಾದು ಕುಳಿತಿದ್ದ. ಧಾನ್ಯ ಹತ್ತಿರವಿದ್ದವನಿಗೆ ಕಾಯುವುದು ಅಗ್ಗವಾಗಿತ್ತು.

ಆಟ ಹೇಳದಿರುವುದು

ಆಟಕ್ಕೆ ಮಿತಿಗಳಿವೆ. ಅದರಲ್ಲಿ ಎಲ್ಲ ಅಂಕಿಗಳೂ ಸರಿಯಾಗಿರುತ್ತವೆ. ಖಜಾನೆಯ ಲೆಕ್ಕ ಕೇಳಿದೊಡನೆ ತೆರೆಯ ಮೇಲೆ ಬರುತ್ತದೆ. ನಿಜವಾದ ಅಂಗಡಿಯಲ್ಲಿ ದಾಸ್ತಾನಿನ ಪುಸ್ತಕಕ್ಕೂ ಗೋದಾಮಿಗೂ ಹೊಂದಾಣಿಕೆಯಾಗಲು ಮಾರ್ಚ್ ತಿಂಗಳು ಬರಬೇಕು. ವಸೂಲಾಗದ ಬಾಕಿಯೆಂಬುದು ನೊಬುನಾಗನ ಲೆಕ್ಕದ ಹಾಳೆಯಲ್ಲಿಲ್ಲ. ಯುದ್ಧದಲ್ಲಿ ಸತ್ತ ಸೈನಿಕರು ಅಲ್ಲಿ ಕಳೆಯುವ ಲೆಕ್ಕ ಮಾತ್ರ. ನೆರೆಯವರನ್ನೆಲ್ಲ ನುಂಗಿದ ಹೊರತು ಆಟ ಮುಗಿಯುವುದಿಲ್ಲ ಎಂಬುದೂ ಒಂದು ದೋಷವೇ. ಒಂದೇ ಸಂಸ್ಥಾನವನ್ನು ಚೆನ್ನಾಗಿ ನಡೆಸಿಕೊಂಡು, ಸಾಲವಿಲ್ಲದೆ, ಮಕ್ಕಳಿಗೆ ಬಿಟ್ಟುಹೋದವನನ್ನು ಆಟ ವಿಜಯಿಯೆಂದು ಒಪ್ಪುವುದಿಲ್ಲ.

ಬಣ್ಣದ ಅಂಗಡಿಯಾಗಿ ಆರಂಭವಾದ ಸಂಸ್ಥೆ 2009ರಲ್ಲಿ ಟೆಕ್ಮೊ ಎಂಬ ಇನ್ನೊಂದು ಸಂಸ್ಥೆಯೊಡನೆ ಸೇರಿ ಕೋಯೆ ಟೆಕ್ಮೊ ಆಯಿತು. ನೊಬುನಾಗನ ಆಟ ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಲೇ ಇತ್ತು. 2022ರಲ್ಲಿ ಬಂದ ಆವೃತ್ತಿಯಲ್ಲಿ ಹಳೆಯ ಕ್ರಮಕ್ಕೆ ಒಂದು ಮುಖ್ಯ ಬದಲಾವಣೆಯಿದೆ. ಆಟಗಾರ ಪ್ರತಿಯೊಂದು ಊರಿಗೂ ತಾನೇ ಆಜ್ಞೆ ಕೊಡುತ್ತ ಕೂಡುವಂತಿಲ್ಲ. ಭೂಮಿಯನ್ನು ತನ್ನ ಸರದಾರರಿಗೆ ವಹಿಸಬೇಕು, ಅವರು ತಮ್ಮ ಬುದ್ಧಿಯಂತೆ ಅಭಿವೃದ್ಧಿ ಮಾಡಿ, ದಂಡಯಾತ್ರೆಯ ಸಲಹೆಗಳನ್ನು ತಾವೇ ತಂದು ಒಡೆಯನ ಮುಂದಿಡುತ್ತಾರೆ. ಯಾರಿಗೆ ಯಾವ ಊರು ಕೊಡಬೇಕು, ಯಾರ ಸಲಹೆಗೆ ಒಪ್ಪಿಗೆ ಹಾಕಬೇಕು ಎಂಬುದಷ್ಟೇ ಅವನ ಕೈಯಲ್ಲಿ ಉಳಿಯುತ್ತದೆ. ನೂರು ರೂಪಾಯಿಯ ವೋಚರಿಗೂ ಸ್ವತಃ ಸಹಿ ಹಾಕದೆ ಬಿಡದ ಮಾಲೀಕರಿಗೆ ಈ ಆವೃತ್ತಿ ಮೊದಲನೆಯದಕ್ಕಿಂತ ಕಷ್ಟವೆನಿಸೀತು.